ಡಿಜಿಟಲ್ ಬೀಗದ ಕಾನೂನಿಗೆ ಆಕ್ಷೇಪಣೆ ಸಲ್ಲಿಸುವುದು ಹೇಗೆ

ದುಡ್ಡು ಕೊಟ್ಟು ತಗೊಂಡ ಇ-ಪುಸ್ತಕ ಇನ್ನೊಂದು ಆ್ಯಪ್‌ನಲ್ಲಿ ತೆರೆಯುವುದಿಲ್ಲ. ಕಾರಣ ಮೂರು ಇರಬಹುದು. ಫೈಲಿಗೆ ಕಂಪನಿ ಬೀಗ ಹಾಕಿದೆ. ಬೀಗ ಮುರಿದರೆ ಅಪರಾಧ ಅಂತ ಕಾನೂನಿದೆ. ‘ಒಪ್ಪಿದ್ದೇನೆ’ ಅಂತ ಒತ್ತಿದ ಪರವಾನಗಿ ಕರಾರಿನಲ್ಲೇ ಅದಕ್ಕೆ ಅವಕಾಶ ಇಲ್ಲ. ಬಹಳಷ್ಟು ಸಲ ಮೂರೂ ಒಟ್ಟಿಗೇ ಇರುತ್ತವೆ, ಆದರೆ ಆಕ್ಷೇಪಣೆ ಬರೆಯಲು ಕೂತವರು ಇವನ್ನು ಬಿಡಿಸಿ ಇಟ್ಟುಕೊಳ್ಳಬೇಕು. ಶಾಸಕಾಂಗ ನೇರವಾಗಿ ಕೈ ಹಾಕಬಹುದಾದದ್ದು ಎರಡನೆಯದಕ್ಕೆ ಮತ್ತು ಮೂರನೆಯದಕ್ಕೆ. ಮೊದಲನೆಯದರ ಮೇಲೆ ಸಿಟ್ಟು ತೀರಿಸಿಕೊಂಡ ಪತ್ರವನ್ನು ಮಸೂದೆ ಪರಿಶೀಲಿಸುವ ಸಮಿತಿಯ ಗುಮಾಸ್ತರು ‘ಗ್ರಾಹಕ ದೂರು’ ಎಂಬ ಕಡತಕ್ಕೆ ಸೇರಿಸಿ ಮುಂದಕ್ಕೆ ಹೋಗುತ್ತಾರೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ‘ಈ ಕಾನೂನೇ ಬೇಡ’ ಎನ್ನುವ ಅಹವಾಲು ಗೆಲ್ಲುವುದು ಅಪರೂಪ. ‘ಇಷ್ಟನೇ ಕಲಮಿನ ಇಷ್ಟನೇ ಸಾಲಿನಲ್ಲಿ ಈ ಮಾತು ಸೇರಿಸಿ’ ಎನ್ನುವ ಅಹವಾಲು ಸಣ್ಣದಾಗಿ ಕಂಡರೂ ತಿದ್ದುಪಡಿಯ ಕರಡಿಗೆ ನೇರವಾಗಿ ಇಳಿಯಬಲ್ಲದು. ಕೆಳಗಿನ ಕ್ರಮವೆಲ್ಲ ಆ ಎರಡನೇ ದಾರಿಗೆ ಸಂಬಂಧಿಸಿದ್ದು.

ಮಸೂದೆ ಓದುವಾಗ ಹುಡುಕಬೇಕಾದ ಮೂರು ಜಾಗ

ಪತ್ರಿಕೆಯ ಸುದ್ದಿ ಬಿಟ್ಟು ಮಸೂದೆಯ ಮೂಲ ಪಠ್ಯವನ್ನೇ ಇಳಿಸಿಕೊಳ್ಳಿ. ವ್ಯಾಖ್ಯೆಗಳ ಕಲಂ, ದಂಡನೆಯ ಕಲಂ, ವಿನಾಯಿತಿಗಳ ಕಲಂ ಇವಿಷ್ಟನ್ನು ಮುದ್ರಿಸಿ ಮುಂದಿಟ್ಟುಕೊಂಡರೆ ಸಾಕು.

ಮೊದಲು ನೋಡಬೇಕಾದದ್ದು ಉದ್ದೇಶ. ಬೀಗ ಮುರಿದದ್ದಷ್ಟೇ ಅಪರಾಧವೋ, ಅಥವಾ ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಮಾತ್ರ ಅಪರಾಧವೋ? ಇಡೀ ಕಾನೂನಿನ ಗುಣ ಈ ಒಂದು ಪದಗುಚ್ಛದ ಮೇಲೆ ನಿಂತಿದೆ. 1998ರ ಅಮೆರಿಕದ ಡಿಜಿಟಲ್ ಮಿಲೆನಿಯಂ ಕಾಪಿರೈಟ್ ಕಾಯ್ದೆಯ 1201ನೇ ಸೆಕ್ಷನ್, ಕೃತಿಯನ್ನು ತೆರೆಯಲು ಬಿಡದ ಬೀಗವನ್ನು ಯಾರೂ ಭೇದಿಸಬಾರದು ಅಂತಷ್ಟೇ ಹೇಳಿ ನಿಲ್ಲಿಸುತ್ತದೆ. ಯಾಕೆ ಭೇದಿಸಿದಿರಿ ಎಂಬುದು ಆ ವಾಕ್ಯದಲ್ಲಿ ಇಲ್ಲವೇ ಇಲ್ಲ. ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ ಬೇರೆ ಥರ ಇದೆ: ಹಕ್ಕನ್ನು ಉಲ್ಲಂಘಿಸುವ ಉದ್ದೇಶ ಇದ್ದರೆ ಮಾತ್ರ ಶಿಕ್ಷೆ, 2 ವರ್ಷದವರೆಗೆ ಜೈಲು ಮತ್ತು ದಂಡ. ಎರಡೂ ಕಲಂ ಹುಟ್ಟಿದ್ದು ಒಂದೇ ಥರದ ಒತ್ತಡದಿಂದ. ಆದರೂ ತನ್ನದೇ ಡಿಸ್ಕಿನಿಂದ ತನ್ನದೇ ಕಂಪ್ಯೂಟರಿಗೆ ಪ್ರತಿ ಮಾಡಿಕೊಂಡವರ ಗತಿ ಎರಡರಲ್ಲೂ ಒಂದೇ ಅಲ್ಲ.

ಎರಡನೆಯದು ಸಾಧನ. ಬಹುಪಾಲು ಆಕ್ಷೇಪಣೆಗಳು ಎಡವುವುದು ಇಲ್ಲೇ. ಬೀಗ ಮುರಿಯಲು ನಿಮಗೆ ವಿನಾಯಿತಿ ಕೊಟ್ಟು, ಮುರಿಯುವ ತಂತ್ರಾಂಶವನ್ನು ತಯಾರಿಸುವುದು, ಹಂಚುವುದು ನಿಷಿದ್ಧ ಎಂದರೆ ಆ ವಿನಾಯಿತಿ ಯಾರಿಗೆ ಬಂತು? ದೇವರು ಕೊಟ್ಟರೂ ಪೂಜಾರಿ ಕೊಡ. ಅಮೆರಿಕದಲ್ಲಿ 3 ವರ್ಷಕ್ಕೊಮ್ಮೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥರು ಹೊಸ ವಿನಾಯಿತಿಗಳನ್ನು ಪ್ರಕಟಿಸುತ್ತಾರೆ. ಆ ವಿನಾಯಿತಿ ಅನ್ವಯವಾಗುವುದು ಮುರಿಯುವ ಕ್ರಿಯೆಗೆ ಮಾತ್ರ. ಸಾಧನ ಹಂಚುವುದರ ಮೇಲಿನ ನಿಷೇಧ ಹಾಗೇ ಉಳಿಯುತ್ತದೆ. 2024ರಲ್ಲಿ ಅಂಗಡಿಗಳ ಆಹಾರ ತಯಾರಿಕಾ ಯಂತ್ರಗಳ ರಿಪೇರಿಗೆ ವಿನಾಯಿತಿ ಸಿಕ್ಕಿತು. ಐಸ್‌ಕ್ರೀಂ ಯಂತ್ರದ ದೋಷಸಂಕೇತ ಓದಲು ಬೀಗ ಬಿಚ್ಚಬಹುದು, ಆದರೆ ಬಿಚ್ಚುವ ಉಪಕರಣವನ್ನು ಮಾರಾಟಕ್ಕೆ ಇಡುವವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಹಳೆಯ ಅಳತೆಗೋಲು ಹೀಗಿರಲಿಲ್ಲ ಎಂಬುದನ್ನು ಆಕ್ಷೇಪಣೆಯಲ್ಲಿ ಎತ್ತಿ ತೋರಿಸಬಹುದು. ಮನೆಯಲ್ಲಿ ಟೀವಿ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿ ಆಮೇಲೆ ನೋಡುವ ಸೋನಿ ಬೀಟಾಮ್ಯಾಕ್ಸ್ ಯಂತ್ರದ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ 5-4 ಬಹುಮತದಿಂದ ತೀರ್ಪು ಕೊಟ್ಟಿತು. ಗಣನೀಯ ಪ್ರಮಾಣದ ಸಕ್ರಮ ಬಳಕೆ ಇರುವ ಯಂತ್ರವನ್ನು ಮಾರಿದ ಮಾತ್ರಕ್ಕೆ ಮಾರಿದವರು ಹೊಣೆಯಾಗುವುದಿಲ್ಲ ಎಂಬುದು ಅದರ ಸಾರ. 2001ರ ಜುಲೈ ಹೊತ್ತಿಗೆ ಗಾಳಿ ತಿರುಗಿತ್ತು. ಬೀಗವಿರುವ ಇ-ಪುಸ್ತಕವನ್ನು ಸಾಮಾನ್ಯ ಪಿಡಿಎಫ್ ಮಾಡುವ ತಂತ್ರಾಂಶದ ಬಗ್ಗೆ ಲಾಸ್ ವೇಗಸ್‌ನಲ್ಲಿ ಮಾತಾಡಿದ ರಷ್ಯಾದ ಪ್ರೋಗ್ರಾಮರ್ ದಿಮಿತ್ರಿ ಸ್ಕ್ಲ್ಯಾರೊವ್ ಅವರನ್ನು ಬಂಧಿಸಿದರು. ಅವರ ಮೇಲಿನ ಆರೋಪ ಆಮೇಲೆ ಕೈಬಿಟ್ಟರು. 2002ರ ಡಿಸೆಂಬರ್‌ನಲ್ಲಿ ಅವರ ಕಂಪನಿಯೂ ನಿರ್ದೋಷಿ ಅಂತ ಜ್ಯೂರಿ ಹೇಳಿತು. ಸಾಧನದ ಕಲಂ ಸಡಿಲವಾಗಿ ಬರೆದಾಗ ಯಾರು ಸಿಕ್ಕಿಕೊಳ್ಳುತ್ತಾರೆ ಎಂಬುದಕ್ಕೆ ಈ ಒಂದು ಪ್ರಕರಣ ಸಾಕು.

ಮೂರನೆಯದು ಕರಾರು. ಕಾನೂನು ಕೊಟ್ಟ ಹಕ್ಕನ್ನು ಪರವಾನಗಿಯ ಷರತ್ತು ಕಿತ್ತುಕೊಳ್ಳಬಹುದೇ? ಮಸೂದೆ ಈ ಬಗ್ಗೆ ಏನೂ ಹೇಳದಿದ್ದರೆ ಷರತ್ತಿನ ಕೈ ಮೇಲಾಗುವ ಸಾಧ್ಯತೆಯೇ ಹೆಚ್ಚು ಅಂದುಕೊಂಡೇ ಬರೆಯಿರಿ. ಬ್ರಿಟನ್ 2014ರಲ್ಲಿ ತಂದ ಕೆಲವು ವಿನಾಯಿತಿಗಳಲ್ಲಿ, ಅವುಗಳಿಗೆ ವಿರುದ್ಧವಾದ ಕರಾರಿನ ಷರತ್ತು ಜಾರಿಗೆ ಬಾರದು ಅಂತ ಸ್ಪಷ್ಟವಾಗಿ ಬರೆದಿತ್ತು. ಅಂಥ ಸಾಲು ನಿಮ್ಮ ಮುಂದಿರುವ ಮಸೂದೆಯಲ್ಲಿ ಇದೆಯೇ ನೋಡಿ. ಇರುವುದು ಅಪರೂಪ.

ಇವುಗಳ ಜೊತೆಗೆ ವಿನಾಯಿತಿಗಳ ಕೆಳಗೆ ಬರುವ ‘ಪರಂತು’ಗಳನ್ನು, ಅಂದರೆ ‘ಆದರೆ’ ಅಂತ ಷರತ್ತು ಹಾಕುವ ಸಾಲುಗಳನ್ನು, ಬಿಡದೆ ಓದಿ. ಭಾರತದ 65ಎ ಕಲಮಿನ ಒಂದು ಉಪಕಲಮಿನಲ್ಲಿ, ಸಕ್ರಮ ಉದ್ದೇಶಕ್ಕೆ ಬೀಗ ಬಿಚ್ಚಲು ಇನ್ನೊಬ್ಬರಿಗೆ ನೆರವಾಗುವವರು ಆ ವ್ಯಕ್ತಿಯ ಹೆಸರು, ವಿಳಾಸ, ಉದ್ದೇಶ ಎಲ್ಲವನ್ನೂ ದಾಖಲಿಸಿ ಇಡಬೇಕು ಎಂಬ ಪರಂತು ಇದೆ. ಮೇಲಿನ ಸಾಲು ಬಾಗಿಲು ತೆರೆಯುತ್ತದೆ, ಕೆಳಗಿನ ಸಾಲು ಬಾಗಿಲಲ್ಲಿ ರಿಜಿಸ್ಟರ್ ಹಿಡಿದು ನಿಲ್ಲುತ್ತದೆ.

ಸಾಕ್ಷ್ಯ: ಬೀಗದ ಮುಂದೆ ನಿಂತು ಬರೆದುಕೊಳ್ಳುವುದು

‘ಗ್ರಾಹಕರಿಗೆ ತೊಂದರೆಯಾಗುತ್ತದೆ’ ಎಂಬ ಮಾತಿಗೆ ಬೆಲೆ ಇಲ್ಲ. ಯಾವ ಸಕ್ರಮ ಕೆಲಸ, ಯಾವ ಸಾಧನದಲ್ಲಿ, ಯಾವ ಸಂದೇಶ ಬಂದು ನಿಂತಿತು ಎಂಬುದಕ್ಕೆ ಬೆಲೆ ಇದೆ. ಒಬ್ಬೊಬ್ಬರೂ ಒಂದೊಂದು ಪ್ರಕರಣ ದಾಖಲಿಸಿದರೆ ಸಾಕು. ಹತ್ತು ಒಳ್ಳೆಯ ದಾಖಲೆಗಳ ಮುಂದೆ ಸಾವಿರ ಸಹಿಗಳು ನಿಲ್ಲುವುದಿಲ್ಲ.

ದಾಖಲೆಯಲ್ಲಿ ಇರಬೇಕಾದದ್ದು: ದಿನಾಂಕ, ಸಾಧನದ ಮಾದರಿ, ಆಪರೇಟಿಂಗ್ ಸಿಸ್ಟಂ ಮತ್ತು ಆ್ಯಪ್ ಎರಡರ ಆವೃತ್ತಿ ಸಂಖ್ಯೆ, ಕೊಂಡ ರಸೀತಿ, ಕೊಳ್ಳುವ ಪುಟದಲ್ಲಿ ಬಟನ್ ಮೇಲಿದ್ದ ಪದ, ಮಾಡಲು ಹೊರಟ ಕೆಲಸ, ಪರದೆಯ ಮೇಲೆ ಬಂದ ಸಂದೇಶದ ಅಕ್ಷರಶಃ ಪಠ್ಯ, ಸಹಾಯವಾಣಿ ಕೊಟ್ಟ ಉತ್ತರ. ಬಟನ್ ಮೇಲಿನ ಪದವನ್ನು ಯಾಕೆ ಹಿಡಿದಿಡಬೇಕು ಅಂದರೆ, ‘ಖರೀದಿಸಿ’ ಅಂತ ಬರೆದು ಪರವಾನಗಿ ಮಾತ್ರ ಕೊಡುವುದೇ ಒಂದು ಪ್ರತ್ಯೇಕ ಆಕ್ಷೇಪ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಗ್ರಾಹಕರಿಗೆ ಎದ್ದು ಕಾಣುವಂತೆ ತಿಳಿಸದೆ ಡಿಜಿಟಲ್ ಸರಕಿಗೆ ಆ ಪದ ಬಳಸುವಂತಿಲ್ಲ.

ಒಂದು ದಾಖಲೆಯ ಮಾದರಿ ಹೀಗಿರುತ್ತದೆ:

“ಪಠ್ಯಪುಸ್ತಕದ ಇ-ಆವೃತ್ತಿ. ಸ್ಕ್ರೀನ್ ರೀಡರ್ (ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಆನ್ ಮಾಡಿ 12ನೇ ಪುಟ ತೆರೆದಾಗ ಶೀರ್ಷಿಕೆ ಮಾತ್ರ ಓದಿತು, ಒಳಗಿನ ಪಠ್ಯ ಓದಲಿಲ್ಲ. ಅದೇ ಫೋನಿನಲ್ಲಿ, ಅದೇ ದಿನ, ಬೀಗವಿಲ್ಲದ ಇ-ಪಬ್ ಫೈಲಿನ 12ನೇ ಪುಟವನ್ನು ಪೂರ್ತಿ ಓದಿತು. ಪಠ್ಯವನ್ನು ಆಯ್ದು ಪ್ರತಿ ಮಾಡಲು ಹೋದಾಗ ‘ಪ್ರಕಾಶಕರು ಅನುಮತಿಸಿಲ್ಲ’ ಎಂಬ ಸಂದೇಶ. ಸ್ಕ್ರೀನ್‌ಶಾಟ್ 3.”

ಇದರಲ್ಲಿ ಬೀಗವಿಲ್ಲದ ಫೈಲಿನ ಸಾಲನ್ನು ಮತ್ತೆ ಓದಿ. ಅದಿಲ್ಲದಿದ್ದರೆ ಎದುರಿನವರು ‘ನಿಮ್ಮ ಫೋನೇ ಸರಿ ಇಲ್ಲ’ ಅಂದು ಕೈತೊಳೆದುಕೊಳ್ಳುತ್ತಾರೆ. ಹೋಲಿಕೆಗೆ ಇನ್ನೊಂದು ಫೈಲು, ಒಂದೇ ಸಾಧನ, ಒಂದೇ ದಿನ. ಈ ಮೂರೂ ಕೂಡಿದರೆ ತಪ್ಪು ಬೀಗದ್ದೇ ಎಂದು ಸಾಬೀತಾಗುತ್ತದೆ.

ಪರೀಕ್ಷಿಸಲು ಯೋಗ್ಯವಾದ ಇತರ ಕೆಲಸಗಳು: ಇಂಟರ್ನೆಟ್ ಕಡಿದು 30 ದಿನ ಬಿಟ್ಟು ಇಳಿಸಿಟ್ಟ ಫೈಲು ತೆರೆಯುತ್ತದೆಯೇ, ಪಾಠಕ್ಕೆಂದು ಸಿನಿಮಾದ 20 ಸೆಕೆಂಡಿನ ತುಣುಕು ತೆಗೆಯಲು ಬರುತ್ತದೆಯೇ, ಬೇರೆ ದೇಶದಲ್ಲಿ ನ್ಯಾಯವಾಗಿ ಕೊಂಡ ಡಿವಿಡಿ ಓಡುತ್ತದೆಯೇ. ಕಂಪ್ಯೂಟರಿನ ಡಿವಿಡಿ ಡ್ರೈವುಗಳಲ್ಲಿ ಸಾಮಾನ್ಯವಾಗಿ ಪ್ರದೇಶ ಸಂಖ್ಯೆಯನ್ನು (ಯಾವ ಭೂಭಾಗದ ಡಿವಿಡಿ ಓಡಬೇಕು ಎಂಬ ಗುರುತು) 5 ಸಲ ಮಾತ್ರ ಬದಲಿಸಬಹುದು, ಆಮೇಲೆ ಕೊನೆಯ ಆಯ್ಕೆಯೇ ಖಾಯಂ. ಈ ಪರೀಕ್ಷೆ ಮಾಡುವ ಮುನ್ನ ಎಷ್ಟು ಬಾಕಿ ಇದೆ ಅಂತ ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ನೋಡಿಕೊಳ್ಳಿ, ಸುಮ್ಮನೆ ಡ್ರೈವು ಸಿಕ್ಕಿಹಾಕಿಕೊಂಡೀತು.

ಅಂಗಡಿಯೇ ಮುಚ್ಚಿದ ನಿದರ್ಶನಗಳೂ ಸಾಕ್ಷ್ಯವೇ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ದುಡ್ಡು ವಾಪಸ್ ಕೊಟ್ಟಿತು, ಆದರೆ ಪುಸ್ತಕಗಳು ತೆರೆಯದಾದವು. ದುಡ್ಡು ಬಂದರೆ ಮುಗಿಯಿತಲ್ಲ ಎನ್ನುವವರಿಗೆ, ಅಂಚಿನಲ್ಲಿ ಬರೆದಿಟ್ಟ ಟಿಪ್ಪಣಿಗಳ ಕಥೆ ಕೇಳಿ.

ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲೇ ಹೇಳಬೇಕು: ಬೀಗ ಮುರಿದದ್ದನ್ನು ಆಕ್ಷೇಪಣೆಯಲ್ಲಿ ಬರೆಯಬೇಡಿ. ಸಾರ್ವಜನಿಕ ಸಮಾಲೋಚನೆಗೆ ಬಂದ ಪತ್ರಗಳನ್ನು ಹಲವು ಕಡೆ ಹಾಗೇ ಪ್ರಕಟಿಸುತ್ತಾರೆ. ‘ಕೊನೆಗೆ ಇಂಥ ತಂತ್ರಾಂಶ ಹಾಕಿ ಬಿಚ್ಚಿದೆ’ ಎಂಬ ಸಾಲು ನಿಮ್ಮದೇ ಸಹಿಯ ತಪ್ಪೊಪ್ಪಿಗೆ ಆಗುತ್ತದೆ. ಬೀಗ ಎಲ್ಲಿ ತಡೆಯಿತೋ ಅಲ್ಲಿಗೇ ದಾಖಲೆ ನಿಲ್ಲಬೇಕು. ಅದೇ ಕಾರಣಕ್ಕೆ ಮನೆಯ ವಿಳಾಸ, ರಸೀತಿಯಲ್ಲಿರುವ ಕಾರ್ಡ್ ಸಂಖ್ಯೆ, ಸ್ಕ್ರೀನ್‌ಶಾಟಿನ ಮೂಲೆಯಲ್ಲಿ ಕಾಣುವ ಇ-ಮೇಲ್ ಇವೆಲ್ಲವನ್ನೂ ಮಸುಕು ಮಾಡದೆ ಪೂರ್ತಿ ಕಪ್ಪು ಬಳಿದು ಮುಚ್ಚಿ. ಮಸುಕು ಮಾಡಿದ ಅಂಕಿಗಳನ್ನು ಮರಳಿ ಓದಲು ಬರುತ್ತದೆ. ಪಿಡಿಎಫ್‌ನಲ್ಲಿ ಪಠ್ಯದ ಮೇಲೆ ಕಪ್ಪು ಚೌಕ ಇಟ್ಟರೂ ಕೆಳಗಿನ ಪಠ್ಯ ಉಳಿದಿರುತ್ತದೆ, ಆದ್ದರಿಂದ ಚಿತ್ರದಲ್ಲೇ ಬಳಿದು ಆಮೇಲೆ ಪಿಡಿಎಫ್ ಮಾಡಿ.

ಬದಲಿ ಪಠ್ಯ ಬರೆಯುವುದು

ಆಕ್ಷೇಪಣೆಯ ಜೀವಾಳ ಇದೇ, ಉಳಿದದ್ದೆಲ್ಲ ಇದಕ್ಕೆ ಪೀಠಿಕೆ. ಮಸೂದೆಯ ಸಾಲನ್ನು ಎಡಕ್ಕೆ, ನಿಮ್ಮ ಸಾಲನ್ನು ಬಲಕ್ಕೆ ಇಟ್ಟು ಎರಡು ಅಂಕಣ ಮಾಡಿ. ಉದಾಹರಣೆಗೆ ಮಸೂದೆ ಹೀಗಿದೆ ಎನ್ನೋಣ:

“ಕೃತಿಗೆ ಅಳವಡಿಸಿದ ತಾಂತ್ರಿಕ ರಕ್ಷಣಾ ಕ್ರಮವನ್ನು ಯಾವ ವ್ಯಕ್ತಿಯೂ ಭೇದಿಸತಕ್ಕದ್ದಲ್ಲ.”

ಬದಲಿಗೆ:

“ಈ ಅಧಿನಿಯಮದ ಮೇರೆಗೆ ಪ್ರಾಪ್ತವಾದ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ, ಕೃತಿಗೆ ಅಳವಡಿಸಿದ ತಾಂತ್ರಿಕ ರಕ್ಷಣಾ ಕ್ರಮವನ್ನು ಯಾವ ವ್ಯಕ್ತಿಯೂ ಭೇದಿಸತಕ್ಕದ್ದಲ್ಲ. ಪರಂತು, ಈ ಅಧಿನಿಯಮವು ಅನುಮತಿಸುವ ಕಾರ್ಯಕ್ಕಾಗಿ ಅದನ್ನು ಭೇದಿಸುವುದಾಗಲಿ, ಅಂಥ ಕಾರ್ಯಕ್ಕೆ ಬೇಕಾದ ಸಾಧನವನ್ನು ತಯಾರಿಸುವುದಾಗಲಿ ಒದಗಿಸುವುದಾಗಲಿ ಅಪರಾಧವಾಗತಕ್ಕದ್ದಲ್ಲ. ಇದಕ್ಕೆ ವ್ಯತಿರಿಕ್ತವಾದ ಯಾವುದೇ ಕರಾರಿನ ಷರತ್ತು ಊರ್ಜಿತವಾಗತಕ್ಕದ್ದಲ್ಲ.”

ಉದ್ದೇಶ, ಸಾಧನ, ಕರಾರು ಮೂರೂ ಬಂದವು. ಸಮಿತಿ ಮೂರನ್ನೂ ಒಪ್ಪದೇ ಇರಬಹುದು, ಆದ್ದರಿಂದ ಮೂರು ವಾಕ್ಯಗಳೂ ಬಿಡಿಬಿಡಿಯಾಗಿ ನಿಲ್ಲುವಂತೆ ಬರೆಯಬೇಕು. ಒಂದನ್ನು ತೆಗೆದರೆ ಇನ್ನೆರಡು ಕುಸಿಯಬಾರದು. ಎಲ್ಲವನ್ನೂ ಒಂದೇ ಉದ್ದ ವಾಕ್ಯಕ್ಕೆ ಪೋಣಿಸಿದರೆ ಕರಡು ತಿದ್ದುವವರು ಇಡೀ ಸರವನ್ನೇ ಕೈಬಿಡುತ್ತಾರೆ.

‘ಅಂತರರಾಷ್ಟ್ರೀಯ ಒಪ್ಪಂದ ಇದೆ, ನಮ್ಮ ಕೈ ಕಟ್ಟಿದೆ’ ಎಂಬ ಉತ್ತರ ಬಂದೇ ಬರುತ್ತದೆ. ಅದಕ್ಕೆ ತಯಾರಿರಿ. 1996ರ ವೈಪೊ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಹಕ್ಕುಸ್ವಾಮ್ಯ ಒಪ್ಪಂದದ 11ನೇ ಅನುಚ್ಛೇದ ಕೇಳುವುದು ‘ಸಮರ್ಪಕ’ ರಕ್ಷಣೆಯನ್ನು. ಅದೂ ಲೇಖಕರು ಒಪ್ಪದ, ಕಾನೂನೂ ಅನುಮತಿಸದ ಕೃತ್ಯಗಳನ್ನು ತಡೆಯುವ ಬೀಗಗಳಿಗೆ. ಕಾನೂನು ಅನುಮತಿಸಿದ ಬಳಕೆಯನ್ನು ತಡೆಯುವ ಬೀಗಕ್ಕೂ ಶಿಕ್ಷೆಯ ಕಾವಲು ಬೇಕು ಅಂತ ಆ ಪಠ್ಯದಲ್ಲಿ ಇಲ್ಲ. ಅನುಚ್ಛೇದದ ಸಂಖ್ಯೆ ಹಾಕಿ, ಆ ಪದಗುಚ್ಛದ ಕೆಳಗೆ ಗೆರೆ ಎಳೆದು ಕೊಡಿ. ಇನ್ನು ಬೌದ್ಧಿಕ ಆಸ್ತಿ ಕುರಿತ ವಿಶ್ವ ವ್ಯಾಪಾರ ಸಂಸ್ಥೆಯ 1994ರ ಟ್ರಿಪ್ಸ್ ಒಪ್ಪಂದದ ಹೆಸರು ಹೇಳಿದರೆ, ಅದರಲ್ಲಿ ಬೀಗದ ಪ್ರಸ್ತಾಪವೇ ಇಲ್ಲ ಎಂದು ಒಂದು ಸಾಲಿನಲ್ಲಿ ಉತ್ತರಿಸಬಹುದು. ಎರಡು ದೇಶಗಳ ನಡುವಿನ ವ್ಯಾಪಾರ ಒಪ್ಪಂದವಾಗಿದ್ದರೆ ಕತೆ ಬೇರೆ. ಅಲ್ಲಿ ಬೌದ್ಧಿಕ ಆಸ್ತಿಯ ಅಧ್ಯಾಯದಲ್ಲಿ ಹೆಚ್ಚು ಬಿಗಿಯಾದ ಮಾತು ಇರಬಹುದು, ಓದದೆ ವಾದಕ್ಕೆ ಇಳಿಯಬೇಡಿ.

‘ಹಾಗಾದರೆ ಕಳ್ಳ ಪ್ರತಿ?’ ಎಂಬ ಪ್ರಶ್ನೆಗೆ ಪ್ರತಿಪ್ರಶ್ನೆಯೇ ಒಳ್ಳೆಯದು: ಈಗಿರುವ ಉಲ್ಲಂಘನೆಯ ಕಲಮಿಗೆ ಸಿಗದ ಯಾವ ಕಳ್ಳತನ ಈ ಹೊಸ ಕಲಮಿಗೆ ಸಿಗುತ್ತದೆ? ಕದ್ದು ಹಂಚಿದ ಫೈಲಿನಲ್ಲಿ ಬೀಗವೇ ಇರುವುದಿಲ್ಲ. ಬೀಗ ಇರುವುದು ದುಡ್ಡು ಕೊಟ್ಟವರ ಫೈಲಿನಲ್ಲಿ.

ಪತ್ರದ ಅಳತೆ, ಸಲ್ಲಿಸುವ ಹೊತ್ತು

ಎರಡರಿಂದ ಮೂರು ಪುಟ, ಅದರ ಹಿಂದೆ ಅನುಬಂಧಗಳು. ಮೊದಲ ಪ್ಯಾರಾದಲ್ಲಿ ಮಸೂದೆಯ ಪೂರ್ಣ ಹೆಸರು, ಸಂಖ್ಯೆ, ನೀವು ಯಾರು, ಯಾವ ಕಲಂ, ಏನು ಬೇಕು. ಎರಡನೆಯದರಲ್ಲಿ ನಿಮ್ಮ ದಾಖಲೆಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಒಂದು. ಆಮೇಲೆ ಎರಡು ಅಂಕಣ. ಕೊನೆಗೆ, ಖುದ್ದಾಗಿ ಹಾಜರಾಗಿ ಹೇಳಲು ಸಿದ್ಧ ಎಂಬ ಒಂದು ಸಾಲು. ಈ ಸಾಲು ಇಲ್ಲದಿದ್ದರೆ ವಿಚಾರಣೆಗೆ ಕರೆಯುವ ಪಟ್ಟಿಗೆ ಹೆಸರೇ ಹೋಗದು. ಸ್ಕ್ಯಾನ್ ಮಾಡಿದ ಚಿತ್ರ ಕಳಿಸಬೇಡಿ. ಪಠ್ಯ ಆಯ್ದುಕೊಳ್ಳಲು ಬರುವ ಪಿಡಿಎಫ್ ಕಳಿಸಿದರೆ ವರದಿ ಬರೆಯುವವರು ನಿಮ್ಮ ಸಾಲನ್ನೇ ಎತ್ತಿ ಹಾಕಿಕೊಳ್ಳುತ್ತಾರೆ, ನಿಮಗೆ ಬೇಕಾದದ್ದೂ ಅದೇ.

ಗಡುವಿಗೆ ಎರಡು ದಿನ ಮೊದಲೇ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಸಮಾಲೋಚನೆಯ ಅವಧಿ ಸಣ್ಣದು. ಭಾರತ ಸರ್ಕಾರದ 2014ರ ಶಾಸನಪೂರ್ವ ಸಮಾಲೋಚನಾ ನೀತಿಯಲ್ಲಿ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದೆ ಇಡಬೇಕು ಅಂತಿದೆ. ಅದಕ್ಕಿಂತ ಕಡಿಮೆ ಕೊಟ್ಟರೆ, ಹೆಚ್ಚಿನ ಸಮಯ ಕೇಳುವ ಪತ್ರವನ್ನು ಮೊದಲ ದಿನವೇ ಬೇರೆಯಾಗಿ ಕಳಿಸಿ. ಸಭೆಯಲ್ಲಿ ಅಂಗೀಕಾರವಾದ ಮೇಲೆ ಬರುವ ಪತ್ರ ಕೋಟೆ ಕೊಳ್ಳೆ ಹೋದ ಮೇಲೆ ಹಾಕಿದ ದಿಡ್ಡಿ ಬಾಗಿಲು.

ಒಂದೇ ಪಠ್ಯವನ್ನು ಐನೂರು ಜನ ನಕಲು ಮಾಡಿ ಕಳಿಸಿದರೆ ಅದನ್ನು ಒಂದು ಪತ್ರ, ಐನೂರು ಸಹಿ ಅಂತ ಎಣಿಸುವುದೇ ಹೆಚ್ಚು. ಅದರ ಬದಲು ಕೆಲಸ ಹಂಚಿಕೊಳ್ಳಿ: ಗ್ರಂಥಾಲಯದವರು ಎರವಲು ಕೊಡುವ ತೊಡಕನ್ನು, ದೃಷ್ಟಿದೋಷ ಉಳ್ಳವರ ಸಂಘ ಸ್ಕ್ರೀನ್ ರೀಡರ್ ತೊಡಕನ್ನು, ರಿಪೇರಿಯವರು ಬಿಡಿಭಾಗಕ್ಕೆ ಹಾಕಿದ ಬೀಗವನ್ನು, ಶಿಕ್ಷಕರು ತುಣುಕಿನ ತೊಡಕನ್ನು ಬರೆಯಲಿ. ಬದಲಿ ಪಠ್ಯ ಮಾತ್ರ ಎಲ್ಲರದ್ದೂ ಅಕ್ಷರಶಃ ಒಂದೇ ಇರಲಿ. ಕಾರಣ ಬೇರೆ ಬೇರೆ, ಬೇಡಿಕೆ ಒಂದೇ ಎಂಬುದು ಓದುವವರಿಗೆ ತಾನಾಗಿ ಹೊಳೆಯುತ್ತದೆ. ದೃಷ್ಟಿದೋಷ ಉಳ್ಳವರ ಹಕ್ಕಿಗೆ 2013ರ ಮರಾಕೆಶ್ ಒಪ್ಪಂದದ ಬಲವಿದೆ, ಅದನ್ನು ಮೊದಲು ಅನುಮೋದಿಸಿದ ದೇಶ ಭಾರತ.

ಮುಖತಃ ಭೇಟಿ ಸಿಕ್ಕರೆ 15 ನಿಮಿಷಕ್ಕೆ ತಯಾರಾಗಿ, ಐದೇ ನಿಮಿಷ ಸಿಗಬಹುದು ಅಂದುಕೊಂಡು ಹೋಗಿ. ಒಂದು ಪುಟದ ಸಾರಾಂಶ, ಒಂದು ಸಾಧನ. ಬೀಗ ತಡೆಯುವುದನ್ನು ಕಣ್ಣೆದುರು ತೋರಿಸಿ, ಬಿಚ್ಚುವುದನ್ನು ತೋರಿಸಬೇಡಿ. ಆ್ಯಪ್ ಹಿಂದಿನ ರಾತ್ರಿ ತಾನಾಗಿ ಅಪ್‌ಡೇಟ್ ಆಗಿ ಸಂದೇಶವೇ ಬದಲಾಗಿರುವುದುಂಟು, ಆದ್ದರಿಂದ ಅಪ್‌ಡೇಟ್ ನಿಲ್ಲಿಸಿಟ್ಟು, ಅದೇ ಕ್ರಿಯೆಯ ಒಂದು ನಿಮಿಷದ ವಿಡಿಯೊವನ್ನೂ ಜೊತೆಗೆ ಇಟ್ಟುಕೊಳ್ಳಿ.

ಸಹಿ ಸಂಗ್ರಹ, ಮತ್ತು ಗೆದ್ದ ಮೇಲಿನ ಕೆಲಸ

ಸಹಿಗಳಿಂದ ಬಾಗಿಲು ತೆರೆಯುತ್ತದೆ ಎಂಬುದು ಸುಳ್ಳಲ್ಲ. ಫೋನಿನ ನೆಟ್‌ವರ್ಕ್ ಬೀಗ ಬಿಚ್ಚುವ ವಿನಾಯಿತಿ ಅಮೆರಿಕದಲ್ಲಿ ಕೈತಪ್ಪಿದಾಗ 2013ರಲ್ಲಿ ಶ್ವೇತಭವನಕ್ಕೆ 1,14,000ಕ್ಕೂ ಹೆಚ್ಚು ಸಹಿಗಳ ಮನವಿ ಹೋಯಿತು, 2014ರ ಆಗಸ್ಟ್‌ನಲ್ಲಿ ಕಾನೂನೂ ಬಂತು. ಆದರೆ ಆ ಕಾನೂನು ಮರಳಿ ಕೊಟ್ಟದ್ದು ಫೋನಿನ ಹಳೆಯ ವಿನಾಯಿತಿಯನ್ನು, 1201ನೇ ಸೆಕ್ಷನ್ನಿನ ಮೂಲ ವಾಕ್ಯ ಇದ್ದಹಾಗೇ ಇದೆ. ನಕಲಿ ಸರಕು ಮತ್ತು ಹಕ್ಕುಸ್ವಾಮ್ಯ ಉಲ್ಲಂಘನೆ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ ಆ್ಯಕ್ಟಾದ ವಿಷಯದಲ್ಲಿ ಬೀದಿಯ ಪ್ರತಿಭಟನೆ ಪೂರ್ತಿ ಫಲ ಕೊಟ್ಟಿತು: 2012ರ ಜುಲೈ 4ರಂದು ಯುರೋಪಿಯನ್ ಪಾರ್ಲಿಮೆಂಟ್ ಅದನ್ನು 478-39 ಮತಗಳಿಂದ ತಿರಸ್ಕರಿಸಿತು, 165 ಮಂದಿ ತಟಸ್ಥರಾಗಿ ಉಳಿದರು. ಅಲ್ಲಿ ಸದಸ್ಯರ ಮುಂದಿದ್ದದ್ದು ಆಗಲೇ ಮಾತುಕತೆ ಮುಗಿದ ಪಠ್ಯ, ತಿದ್ದಲು ಅವಕಾಶವೇ ಇರಲಿಲ್ಲ, ಒಪ್ಪುವುದು ಇಲ್ಲವೇ ಬಿಡುವುದು. ಅಂಥ ಸಂದರ್ಭಕ್ಕೆ ಸಹಿ, ಮೆರವಣಿಗೆ. ತಿದ್ದಬಹುದಾದ ಮಸೂದೆಗೆ ಎರಡು ಅಂಕಣ.

ಗೆದ್ದ ಮೇಲೂ ಕಡತ ಮುಚ್ಚಬೇಡಿ. ಬ್ರಿಟನ್‌ನಲ್ಲಿ ಕೊಂಡ ಸಂಗೀತವನ್ನು ಸ್ವಂತಕ್ಕೆ ಪ್ರತಿ ಮಾಡಿಕೊಳ್ಳುವ ಹಕ್ಕು 2014ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು, 2015ರ ಜುಲೈನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಕ್ಕುದಾರರಿಗೆ ಅಷ್ಟೇನೂ ನಷ್ಟವಿಲ್ಲ, ಆದ್ದರಿಂದ ಪರಿಹಾರ ಬೇಡ ಎಂದ ಸರ್ಕಾರದ ತೀರ್ಮಾನಕ್ಕೆ ಸಾಕಷ್ಟು ಸಾಕ್ಷ್ಯ ಇಲ್ಲ ಎಂಬುದು ಕಾರಣ. ಸೃಷ್ಟಿಕರ್ತರಿಗೆ ಯಾಕೆ ನಷ್ಟವಾಗುವುದಿಲ್ಲ ಎಂಬ ಒಂದು ಪ್ಯಾರಾ ನಿಮ್ಮ ಆಕ್ಷೇಪಣೆಯಲ್ಲಿ ಪುರಾವೆ ಸಮೇತ ಇರಬೇಕು ಅನ್ನುವುದು ಇದಕ್ಕೇ.

ಸೋತರೂ ಅಷ್ಟೇ. ಕೆನಡಾ 2012ರಲ್ಲಿ ಬೀಗ ಭೇದಿಸುವುದನ್ನು ನಿಷೇಧಿಸಿತು. ರಿಪೇರಿಗೆ ಮತ್ತು ಬೇರೆ ಬೇರೆ ಸಾಧನ ಒಟ್ಟಿಗೆ ಕೆಲಸ ಮಾಡುವುದಕ್ಕೆ ಬೇಕಾದ ಎರಡು ತಿದ್ದುಪಡಿಗಳು ಅಂಗೀಕಾರವಾದದ್ದು 2024ರ ನವೆಂಬರ್‌ನಲ್ಲಿ, 12 ವರ್ಷದ ಮೇಲೆ. ಹಳೆಯ ಫೋನು, ಹಳೆಯ ಆ್ಯಪ್ ಆವೃತ್ತಿಯ ಸಾಕ್ಷ್ಯ ಹಿಡಿದು ಹೋದರೆ ‘ಈಗ ಹಾಗಿಲ್ಲ’ ಎಂಬ ಒಂದೇ ಮಾತಿಗೆ ಅದು ಬಿದ್ದುಹೋಗುತ್ತದೆ. ಆರು ತಿಂಗಳಿಗೊಮ್ಮೆ ಅದೇ ಪುಟ, ಅದೇ ಕ್ರಿಯೆ, ಹೊಸ ಆವೃತ್ತಿಯಲ್ಲಿ ಮತ್ತೊಮ್ಮೆ ಮಾಡಿ, ದಿನಾಂಕ ಹಾಕಿ ಹಳೆಯ ದಾಖಲೆಯ ಕೆಳಗೆ ಸೇರಿಸಿ. ಸಮಸ್ಯೆ ಸರಿಹೋಗಿದ್ದರೆ ಅದನ್ನೂ ಬರೆಯಿರಿ, ಆ ಪ್ರಕರಣವನ್ನು ಪಟ್ಟಿಯಿಂದ ತೆಗೆಯಿರಿ.